ಹರಿಲೆಕ್ಕ ಕಲಿತ ಅಕ್ಕ

ಏರಿಯೂರು, ಕೃಷ್ಣಾ ತೀರ
ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ, ಶ್ರಾವಣ ಮಾಸ

ಎಂಜಿನಿಯರಿಂಗ್, ವಿಜ್ಞಾನ ಓದುತ್ತಿರುವ ಹಿರಿಯರಿಗೆ,

ನೀವು ಇನ್ನೂ ಇಪ್ಪತ್ತರ ಆಸುಪಾಸಿನವರು. ಆದರೂ ನನ್ನ ಮುತ್ತಜ್ಜಿಯ ಮುತ್ತಜ್ಜಿಗೆ ಓರಗೆಯವರು. ಬೇರೆ ಹೇಗೆ ಕರೆಯಲಿ? ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಷನ್ ಎನ್ನುವುದನ್ನು ನಾವು ಹರಿಲೆಕ್ಕ ಎನ್ನುತ್ತೇವೆ. ಜಾಗದಿಂದ ಜಾಗಕ್ಕೂ ಗಳಿಗೆಯಿಂದ ಗಳಿಗೆಗೂ ಬದಲಾಗುತ್ತ ಹೋಗುವುದರ ಲೆಕ್ಕ ಅದು.

ನಮ್ಮ ಕಾಲದಲ್ಲಿ ಉತ್ತರಿ ಎಂಬ ಯಂತ್ರವಿತ್ತು. ಸೇತುವೆ ಕಟ್ಟುವವರು, ಔಷಧ ಮಾಡುವವರು, ಎಲ್ಲರೂ ಅದನ್ನೇ ಕೇಳುತ್ತಿದ್ದರು. ಅದು ಸರಿಯಾಗಿಯೇ ಹೇಳುತ್ತಿತ್ತು. ಹಾಗಾಗಿ ಗಣಿತ ಕಲಿಯುವ ಕಷ್ಟ ಯಾರಿಗೂ ಬೇಡವಾಯಿತು. ನಿಮ್ಮ ಕಾಲದ ಪುಸ್ತಕಗಳು ಗ್ರಂಥಾಲಯದಲ್ಲಿ ಉಳಿದಿದ್ದವು. ಆದರೆ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ‘ಇದನ್ನು ಸುಲಭವಾಗಿ ಸಾಧಿಸಬಹುದು’ ಎಂದಷ್ಟೇ ಇರುತ್ತಿತ್ತು. ಆ ಸುಲಭವನ್ನು ಬಲ್ಲವರು ಉಳಿದಿರಲಿಲ್ಲ.

ನಮ್ಮೂರಿನಲ್ಲಿ ಒಬ್ಬರಿದ್ದರು, ಚೆನ್ನಮಲ್ಲಯ್ಯ ಗುರುಗಳು. ತಮ್ಮ ಸೋದರತ್ತೆಯ ಬಳಿ ಕೂತು ಕಲಿತವರು. ಕೆಳಗಿನ ಓಣಿಯಲ್ಲಿ ಅವರ ಮನೆ. ನನ್ನ ಅಕ್ಕ ನೀಲಾಂಬಿಕೆಗೆ ನದಿಯ ಏರಿ ನೋಡಿಕೊಳ್ಳುವ ಕೆಲಸ. ಮದುವೆಯಾಗಿ ಮಕ್ಕಳಾದ ಮೇಲೆ, ದಿನಾ ಕೆಲಸಕ್ಕೆ ಹೋಗುವ ಮುಂಚೆ, ಅವಳು ಗುರುಗಳಲ್ಲಿ ಪಾಠಕ್ಕೆ ಹೋಗತೊಡಗಿದಳು. ಅವರಿಗೆಂದು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗುವಳು.

ನಮ್ಮವ್ವನಿಗೆ ಇದು ಹಿಡಿಸಲಿಲ್ಲ. “ಉತ್ತರಿ ಐತಲ್ಲವಾ, ನಿನಗ್ಯಾಕ ಈ ತಲಿಬ್ಯಾನಿ?”

“ಉತ್ತರಾ ಕೊಡತೈತಿ ಖರೆ, ಯಾಕಂತ ಹೇಳೂದಿಲ್ಲ ನೋಡಬೇ,” ಎಂದಳು ಅಕ್ಕ.

ಮೊದಲ ವರ್ಷವೆಲ್ಲ ತಪ್ಪೇ ತಪ್ಪು. ಅಳುತ್ತ ಬಂದದ್ದೂ ಉಂಟು. ಗುರುಗಳು ಬೈಯುತ್ತಿರಲಿಲ್ಲ, ತಪ್ಪಾದ ಸಾಲಿನ ಕೆಳಗೆ ಬೆರಳಿಟ್ಟು ಕಾಯುವರು. ಅವಳು ಹರಿಲೆಕ್ಕಕ್ಕೆ ಬರುವ ಹೊತ್ತಿಗೆ ಅವರ ನೆನಪು ಮಾಸತೊಡಗಿತ್ತು. ಉಂಡದ್ದು ಮರೆಯುವರು. ಕೈಗೆ ಸೀಮೆಸುಣ್ಣ ಕೊಟ್ಟರೆ ಮಾತ್ರ ಸರಾಗವಾಗಿ ಬರೆಯುತ್ತ ಹೋಗುವರು.

ಆ ವರ್ಷದ ಶ್ರಾವಣದಲ್ಲಿ ಘಟ್ಟದಲ್ಲಿ ಎಡೆಬಿಡದ ಮಳೆ. ಉತ್ತರಿಯನ್ನು ಇಟ್ಟಿದ್ದ ಕರಾವಳಿಯ ಊರು ಮುಳುಗಿ, ಅದರ ದನಿ ಶಾಶ್ವತವಾಗಿ ನಿಂತುಹೋಯಿತು. ಇಲ್ಲಿ ಕೃಷ್ಣೆ ಏರಿಯ ತಲೆಮಟ್ಟ ಬಂದಿದ್ದಳು. ಮಣ್ಣಿನೊಳಗೆ ನೀರು ಎಷ್ಟು ಬೇಗ ಇಳಿಯುತ್ತಿದೆ? ಹೊಳೆ ಇಳಿಯುವವರೆಗೆ ಏರಿ ತಾಳೀತೆ? ತಾಳದು ಎಂದಾದರೆ ತೂಬು ತೆರೆದು ನೀರನ್ನು ಕೆಳಗಿನ ಓಣಿಗೆ ಬಿಡಬೇಕು. ಇಲ್ಲವಾದರೆ ಇಡೀ ಊರೇ ಹೋಗುತ್ತದೆ. ಪಂಚಾಯಿತಿಯವರು ಬೆಳಿಗ್ಗೆಯೇ ಗುರುಗಳ ಬಾಗಿಲಿಗೆ ಬಂದರು.

ಗುರುಗಳು ಹಲಗೆಯ ಮುಂದೆ ನಿಂತರು. ಸಮೀಕರಣ ಬರೆದರು, ಬಿಡಿಸಿದರು, ಜಾಗದ್ದನ್ನೂ ಕಾಲದ್ದನ್ನೂ ಬೇರೆ ಮಾಡಿದರು. ಅಕ್ಕ ಅಳೆದು ತಂದಿದ್ದ ಅಂಕಿಗಳನ್ನು ಹೇಳುತ್ತಿದ್ದಳು. ಏರಿಯ ಎರಡು ಅಂಚಿನ ಷರತ್ತುಗಳನ್ನು, ಅಂದರೆ ಹೊಳೆಯ ಬದಿಯಲ್ಲೂ ಊರ ಬದಿಯಲ್ಲೂ ನೀರು ಹೇಗಿರುತ್ತದೆ ಎಂಬುದನ್ನು, ಹೊಂದಿಸುವಲ್ಲಿ ಅವರ ಕೈ ನಿಂತಿತು.

“ಮುಂದ, ಗುರುಗಳ?”

ಅವರು ಸೀಮೆಸುಣ್ಣವನ್ನು ನೋಡಿದರು, ಅವಳನ್ನು ನೋಡಿದರು. “ನೀ ಯಾರ ಮಗಳವ್ವಾ?”

ಅಕ್ಕ ಅವರನ್ನು ಕೂರಿಸಿ ತಾನೇ ಬರೆಯತೊಡಗಿದಳು. ಅಳಿಸಿದಳು, ಮತ್ತೆ ಬರೆದಳು. ಪುಸ್ತಕ ತೆರೆದಳು. ಮಧ್ಯಾಹ್ನದ ಹೊತ್ತಿಗೆ ಏರಿಯ ಬುಡದಲ್ಲಿ ಕೆಸರು ಜಿನುಗುತ್ತಿದೆ ಎಂಬ ಸುದ್ದಿ ಬಂತು. ಅವಳು ಹೊರಗೆ ಬಂದು, “ನನಗ ತಿಳೀವಲ್ದು. ಓಣಿ ಖಾಲಿ ಮಾಡಿಸ್ರಿ, ತೂಬು ತಗೀರಿ,” ಎಂದಳು.

ಜನರನ್ನೂ ದನಕರುಗಳನ್ನೂ ಮೇಲಕ್ಕೆ ಸಾಗಿಸಿದರು. ಜೀವ ಹೋಗಲಿಲ್ಲ. ಮನೆ ಒಂದೂ ಉಳಿಯಲಿಲ್ಲ. ಸಂಜೆಯ ಹೊತ್ತಿಗೆ ಹೊಳೆ ತಾನಾಗಿಯೇ ಇಳಿಯತೊಡಗಿತು. ತೂಬು ತೆರೆಯದೆಯೂ ಏರಿ ತಾಳುತ್ತಿತ್ತೋ ಏನೋ. ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಗುರುಗಳನ್ನು ನಮ್ಮ ಮನೆಗೆ ಕರೆತಂದೆವು. ದಿನಾ ಬೆಳಿಗ್ಗೆ ಎದ್ದು ಚಪ್ಪಲಿ ಹುಡುಕುವರು, ಮನೆಗೆ ಹೊರಡಲು.

“ಮನಿ ಹೊಳಿಪಾಲಾತ್ರೀ, ಗುರುಗಳ,” ಎನ್ನುವಳು ಅಕ್ಕ.

ಅವರು ಆಗತಾನೆ ಕೇಳಿದವರಂತೆ ಕುಸಿದು ಕೂರುವರು. “ಯಾಕ ಬಿಟ್ರು ನೀರು?”

“ಲೆಕ್ಕ ಮುಗೀಲಿಲ್ರೀ.”

“ಯಾರ ಕೈಯಾಗಿತ್ತು ಲೆಕ್ಕ?”

“ನನ್ನ ಕೈಯಾಗ.”

ಆಗ ಗುರುಗಳು ಅವಳ ತಲೆಯ ಮೇಲೆ ಕೈಯಿಡುವರು. “ಇರಲಿ ಬಿಡು. ಕಲಿತೀ.” ಮರುದಿನ ಮತ್ತೆ ಚಪ್ಪಲಿ ಹುಡುಕುವರು, ಮತ್ತೆ ಅದೇ ದುಃಖ, ಅದೇ ಪ್ರಶ್ನೆ. ಒಂದು ದಿನವೂ ಅಕ್ಕ ಬೇರೆ ಉತ್ತರ ಕೊಡಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದು ಬರುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಗುರುಗಳು ತೀರಿಕೊಂಡರು.

ಕೆಳಗಿನ ಓಣಿಯವರು ದಿಕ್ಕುದಿಕ್ಕಿಗೆ ಚದುರಿಹೋದರು. ಅಕ್ಕನಿಗೆ ಈಗ ತಲೆ ನರೆತಿದೆ. ಹತ್ತಾರು ಹೆಣ್ಣುಮಕ್ಕಳು, ಗಂಡುಮಕ್ಕಳು ಅವಳಲ್ಲಿ ಕಲಿಯುತ್ತಾರೆ. ಅಂಚಿನ ಷರತ್ತಿಗೆ ಬಂದಾಗ ಅವಳು ಮಕ್ಕಳ ಕಡೆ ತಿರುಗಿ, “ಇಲ್ಲಿಂದಾಚೆ ನನಗ ಬರೂದಿಲ್ಲ, ಕೂಡಿ ಹುಡುಕೂಣು,” ಎನ್ನುತ್ತಾಳೆ. ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ.

ಹಿರಿಯರೇ, ಗಣಿತದ ತರಗತಿಯಲ್ಲಿ ನಿಮಗೆ ನಿದ್ದೆ ಬರುವುದನ್ನು ನಾನು ತಪ್ಪೆನ್ನಲಾರೆ, ಅಕ್ಕನ ಪಾಠದಲ್ಲಿ ನನಗೂ ಬರುತ್ತಿತ್ತು. ಕೇಳುವುದು ಇಷ್ಟೇ. ನಿಮಗೆ ಅದನ್ನು ಹೇಳಿಕೊಡುವವರು ಒಬ್ಬರು ಇದ್ದಾರಲ್ಲ, ತಿಳಿಯದ್ದನ್ನು ನಾಚದೆ ಅವರಲ್ಲಿ ಕೇಳಿ. ಪರೀಕ್ಷೆ ಮುಗಿದ ಮೇಲೂ ಒಂದು ದಿನ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರಿಗೂ ವಯಸ್ಸಾಗುತ್ತಿದೆ.

ನಿಮ್ಮ ಮನೆಯ ಕೂಸು,
ಗೌರವ್ವ ಏರಿಮನಿ