ಸ್ಪಿತಿ ಹೊಳೆಯ ಬಾಟ್ಲಿ

ಲೇ ದೀಪಿ,

ಬೈಕಲ್ಲಿ ಹಿಮಾಲಯ ಸುತ್ತಿ ನಿನ್ನೆ ಬಂದವಳು ಇವತ್ತಿಡೀ ಮಲಗಬೇಕಿತ್ತು. ಆಗಲಿಲ್ಲ. ಕೊಪ್ಪಕ್ಕೆ, ಹೊನ್ನಯ್ಯ ಮಾವನ ಮನೆಗೆ ಹೊರಟೆ, ಬಸ್ಸಲ್ಲೇ. ಬೈಕ್ ಸೀಟು ನೋಡಿದ್ರೇ ಸೊಂಟ ಅಳುತ್ತೆ.

ಅಮ್ಮ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದ ನೀರಿನ ಬಾಟ್ಲಿ ನನ್ನ ಹತ್ರ ಇದೆ, ಹುಡುಕಬೇಡ. ಅದು ಗಂಗೆ ಅಲ್ಲ ಕಣೇ. ದಾರೀಲಿ ಕುಡಿಯೋಕೆ ಸ್ಪಿತಿ ಹೊಳೇಲಿ ತುಂಬಿಸ್ಕೊಂಡಿದ್ದು. ಅಮ್ಮ ನಿನ್ನೆ ರಾತ್ರೀನೇ ಮಾವನಿಗೆ ಫೋನ್ ಮಾಡಿ, “ನಮ್ ವೀಣ ಇಮಾಲಯದಿಂದ ಗಂಗೆ ತಂದವ್ಳೆ ಕಣಣ್ಣಯ್ಯಾ, ನಾಳೀಕೆ ಕಳುಸ್ತೀನಿ” ಅಂದುಬಿಟ್ಟಿದ್ದಾಳೆ. ಹಾಸಿಗೆ ಹಿಡಿದಿರೋ ಮಾವ ಹೋಗೋ ಮುಂಚೆ ಒಂದು ಗುಟುಕು ಗಂಗೆಗೆ ಕಾಯ್ತಿರೋದು ನಿಂಗೂ ಗೊತ್ತು.

ಪೇಪರಿನವರು ಫೋನ್ ಮಾಡಿ, “ಮೇಡಮ್ಮೋರೇ, ಸಾಹಸದ ಸುಖ ಬರೀರೀ, ಫೋಟೋ ಕಳಿಸ್ರೀ” ಅಂತ ಮೂಗಲ್ಲಿ ರಾಗ ಎಳೆದರೆ, ಪ್ರವಾಸಕಥನ ಇನ್ನೂ ಪ್ರಯಾಸದಲ್ಲಿದೆ ಅನ್ನು.

ಬಚ್ಚಲಲ್ಲಿರೋ ನನ್ನ ಬೂಟು ಮೂಸಬೇಡ. ಅನ್ನಕ್ಕೆ ಇಟ್ಟಿದೀನಿ, ಸಾರು ನಿಂದು.

ಕ್ಯಾಮೆರಾನೂ ತಗೊಂಡೆ. ಮಾವನಿಗೆ ಆ ಹೊಳೆ ಫೋಟೋ ತೋರಿಸಿ, ಇದು ಗಂಗೆ ಅಲ್ಲ ಅಂತ ಹೇಳ್ತೀನಿ. ಆಮೇಲೂ ಬೇಕು ಅಂದ್ರೆ ನಾನೇ ಕುಡಿಸ್ತೀನಿ.