ಅಭಿನಂದನೆ ಯಾರಿಗೆ?

ಅಮ್ಮಾ,

ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಹಾಗಾದರೆ ನೀನು ಇನ್ನೂ ಸ್ವಲ್ಪ ತಡವಾಗಿ ಸಾಯಬೇಕಿತ್ತು.

ಇವತ್ತು ನಾವು ಸಾಕುತ್ತಿರುವ ಇಲ್ಸೆಯ ಹುಟ್ಟುಹಬ್ಬ. ನಮ್ಮ ಕಡೆಯ ಪದ್ಧತಿಯಂತೆ ಬಂದವರು ಮಗುವಿನ ಜೊತೆಗೆ ಮನೆಯವರೆಲ್ಲರ ಕೈಕುಲುಕಿ ಅಭಿನಂದಿಸಬೇಕಲ್ಲ, ನಿನ್ನ ತಂಗಿ ಹೆನ್ನಿ ಚಿಕ್ಕಮ್ಮ ನನ್ನೊಬ್ಬಳನ್ನು ಬಿಟ್ಟು ಹೋಗಿ ಕುಳಿತಳು.

"ನಿನಗ್ಯಾಕೆ ಹೇಳ್ಬೇಕೇ ವಿಲ್ಮಾ? ಹೆತ್ತೋಳು ಬೇರೆ ಇದಾಳಲ್ಲ!"

ನೀನು ಆಡುತ್ತಿದ್ದ ಮಾತೇ, ನಿನ್ನದೇ ದನಿ. ಒಡವೆಯ ಜೊತೆ ಅದನ್ನೂ ಅವಳಿಗೇ ಬಿಟ್ಟುಹೋದೆಯಾ?

"ಹಾಗಾದ್ರೆ ಕೇಕನ್ನೂ ಅವಳ ಮನೇಲೇ ತಿನ್ನು ಹೋಗು, ಚಿಕ್ಕಮ್ಮ," ಎಂದು ತಟ್ಟೆ ಕಿತ್ತುಕೊಂಡೆ.

ಅಷ್ಟರಲ್ಲಿ ಇಲ್ಸೆ ಎದ್ದು ಬಂದು ನನ್ನ ಕೈಕುಲುಕಿದಳು. "ನಾನು ಸಿಕ್ಕಿದ್ದಕ್ಕೆ ಅಭಿನಂದನೆ!"

ಆಮೇಲೆ ಗೋಡೆಯ ಮೇಲಿದ್ದ ನಿನ್ನ ಫೋಟೋದತ್ತ ತಿರುಗಿ, "ನಿಮಗೂ, ಅಜ್ಜಿ," ಎಂದು ಉತ್ತರಕ್ಕೆ ಕಾದು ನಿಂತಳು.

"ಥ್ಯಾಂಕ್ಸ್ ಕಣೇ ಪುಟ್ಟಿ ಅಂತಿದಾರೆ ಅಜ್ಜಿ," ಎಂದೆ.

ಮಗುವಿನ ಮುಂದೆ ನನ್ನಿಂದ ಸುಳ್ಳು ಹೇಳಿಸಿದೆಯಲ್ಲಮ್ಮಾ.