ಜ್ಞಾನಸ್ನಾನದ ತೊಟ್ಟಿಯಲ್ಲಿ ಬಿಯರ್

ಅಲ್ ಬರ್ಷಾ, ದುಬೈ

ಪ್ರೀತಿಯ ಅಕ್ಕ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ಕಾರ್ಡಿನ ಚಿತ್ರದಲ್ಲಿರುವುದು ನಮ್ಮ ಹೋಟೆಲಿನ ಹೊಸ ಬಾರ್. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಮುಚ್ಚಿಹೋದ ಆರುನೂರು ವರ್ಷದ ಇಗರ್ಜಿಯ ಓಕ್ ತೊಲೆ, ಚೂಪು ಕಮಾನಿನ ಕಲ್ಲುಗಳನ್ನು ತಂದು ಕೂರಿಸಿದ್ದಾರೆ. ಅಷ್ಟನ್ನು ಸಹಿಸಿದೆ. ಆದರೆ ಎಂಟು ಮೂಲೆಯ ಜ್ಞಾನಸ್ನಾನದ ಕಲ್ಲುತೊಟ್ಟಿಗೆ ಐಸ್ ತುಂಬಿ ಬಿಯರ್ ಬಾಟ್ಲಿ ಇಟ್ಟಿದ್ದಾರೆ! ನಿನ್ನ ಪಾಪುವಿನ ತಲೆಗೆ ಫಾದರ್ ನೀರು ಹೊಯ್ದರಲ್ಲ, ಅಂಥದ್ದೇ ತೊಟ್ಟಿ. ಮಕ್ಕಳನ್ನು ಎತ್ತಿಕೊಂಡು ಬಂದವರ ಕೈ ತಾಗಿ ತಾಗಿ ಅಂಚು ನುಣ್ಣಗಾಗಿದೆ.

"ಬಾಟ್ಲಿ ತೆಗೆಸಿ ಸರ್" ಎಂದೆ.

"ಅದು ಬರೇ ಕಲ್ಲು ಲವೀನಾ. ಯಲ್ಲಾ, ನಡಿ ನಡಿ, ಕೆಲಸ ನೋಡು" ಎಂದು ಮ್ಯಾನೇಜರ್ ನಕ್ಕ.

ಗಿರಾಕಿಗಳ ಎದುರಿಗೇ ಬಾಟ್ಲಿಗಳನ್ನೆಲ್ಲ ಎತ್ತಿ ಹೊರಗಿಟ್ಟೆ. ಅಡುಗೆಮನೆಯಲ್ಲಿರುವ ಉಡುಪಿಯ ಜಯಪಾಲಣ್ಣ ಬಂದು ಐಸನ್ನು ಬಕೆಟಿಗೆ ತುಂಬಿಕೊಂಡು ಹೋದರು. ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದಿದ್ದಾರೆ.

ಆರೋಗ್ಯ ಚೆನ್ನಾಗಿದೆ. ವೀಸಾ ಮುಗಿಯುವುದರೊಳಗೆ ಬೇರೆ ಕೆಲಸ ಹುಡುಕುತ್ತೇನೆ, ಅಮ್ಮನಿಗೆ ನೀನೇ ಮೆಲ್ಲ ಹೇಳು. ಕ್ಷಮೆ ಕೇಳಿದರೆ ಮ್ಯಾನೇಜರ್ ವಾಪಸು ಸೇರಿಸಿಕೊಳ್ಳುತ್ತಾನಂತೆ. ನಾನು ಯಾಕೆ ಕೇಳಲಿ? ಬೇಕಾದರೆ ಅವನೇ ಬಂದು ಕೇಳಲಿ.

ನಿನ್ನ ತಂಗಿ,
ಲವೀನಾ